ಗೃಹಸ್ಥರೊಡನೆ ನಾಲ್ಕು ಮಾತು: ಅವಧಿ ಮೀರಿದ ಲೈಸೆನ್ಸು

ಈ ಸಲ ವಾಚಕ ಮಹಾಶಯರ ಮುಂದೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಮೂವತ್ತುಮೂರು ವರ್ಷಕಾಲ ಮಕ್ಕಳ ತಪ್ಪುಗಳ ಕೆಳಗೆ ಕೆಂಪು ಗೆರೆಯೆಳೆದವನು ತನ್ನ ತಪ್ಪಿನ ಕೆಳಗೆ ತಾನೇ ಗೆರೆಯೆಳೆದುಕೊಳ್ಳುವುದು ಸುಲಭವಲ್ಲ. ಆದರೂ ಇಂತಹದೇ ತಪ್ಪು ಈ ಪತ್ರಿಕೆಯನ್ನೋದುವ ಕೆಲವು ಮನೆಗಳಲ್ಲಾದರೂ, ಗೋಡೆಯ ಮೊಳೆಗೆ ಸಿಕ್ಕಿಸಿದ ಗಾಡಿಯ ಬೀಗದ ಕೈಯ ಜತೆಯಲ್ಲಿಯೇ ತೂಗಾಡುತ್ತಿರಬಹುದೆಂದು ತೋರಿದ್ದರಿಂದ ಬರೆಯಲು ಧೈರ್ಯಮಾಡಿದ್ದೇನೆ.

ನಾನು ಹುಟ್ಟಿದುದು 1964ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ. ಅರುವತ್ತು ತುಂಬಿದ ತಿಂಗಳ ಕೊನೆಯ ದಿವಸ, ಎಂದರೆ 2024ನೆಯ ಡಿಸೆಂಬರ್ 31ರಂದು, ಪ್ರೌಢಶಾಲೆಯ ಸಂಸ್ಕೃತ ಉಪಾಧ್ಯಾಯನ ಕೆಲಸದಿಂದ ನಿವೃತ್ತನಾದೆ. ಹಾರ, ಶಾಲು, ಒಂದು ಬೆಳ್ಳಿಯ ತಟ್ಟೆ, ಮುಖ್ಯೋಪಾಧ್ಯಾಯರ ಉಪನ್ಯಾಸ, ಎಲ್ಲವೂ ಕ್ರಮವಾಗಿ ನಡೆದುವು. ಪಿಂಚಣಿಯ ಕಾಗದಗಳನ್ನು ಒಂದು ವರ್ಷ ಮುಂಚಿತವಾಗಿಯೇ ಜೋಡಿಸಿಟ್ಟಿದ್ದೆ. ಸೇವಾಪುಸ್ತಕದಲ್ಲಿ ಒಂದು ಸಹಿ ಬಿಟ್ಟುಹೋಗಿದ್ದುದನ್ನು ಪತ್ತೆಮಾಡಿ, ಅದಕ್ಕಾಗಿ ಮೂರು ಸಲ ಕಚೇರಿಗೆ ಅಲೆದು ಹಾಕಿಸಿಕೊಂಡು ಬಂದಿದ್ದೆ. ಕಾಗದಪತ್ರಗಳ ವಿಷಯದಲ್ಲಿ ನನ್ನಷ್ಟು ಜಾಗರೂಕನಾದ ಮನುಷ್ಯ ನಮ್ಮ ಬೀದಿಯಲ್ಲಿಯೇ ಇಲ್ಲವೆಂದು ನನ್ನ ನಂಬಿಕೆಯಾಗಿತ್ತು. ಬೀದಿಯವರ ನಂಬಿಕೆಯೂ ಹಾಗೆಯೇ ಇದ್ದಿತು.

ಅದೇ ಡಿಸೆಂಬರಿನಲ್ಲಿ ನನ್ನ ಜೀವಿತದ ಮತ್ತೊಂದು ಅವಧಿಯೂ ಮುಗಿದಿದ್ದಿತೆಂಬುದು ತಿಳಿದುಬಂದದ್ದು ಏಳು ತಿಂಗಳ ಮೇಲೆ, ಆಷಾಢದ ಒಂದು ಬೆಳಗ್ಗೆ, ಅಂಚೆಕಚೇರಿಯಲ್ಲಿ. ನನ್ನ ಹೆಸರಿಗೆ ಬಂದಿದ್ದ ಪುಸ್ತಕದ ಪಾರ್ಸೆಲೊಂದನ್ನು ಬಿಡಿಸಿಕೊಳ್ಳಲು ಹೋಗಿದ್ದೆ. ಗುರುತಿಗೆ ಏನಾದರೂ ತೋರಿಸಬೇಕೆಂದರು. ಜೇಬಿನಲ್ಲಿದ್ದ ಸ್ಕೂಟರಿನ ಲೈಸೆನ್ಸನ್ನು ತೆಗೆದುಕೊಟ್ಟೆ. ಕಿಟಕಿಯಾಚೆ ಕುಳಿತಿದ್ದವನು ಹಿಂದೆ ನನ್ನ ಬಳಿ ಒಂಬತ್ತನೆಯ ತರಗತಿಯಲ್ಲಿ ಓದಿದ ಹುಡುಗ. ಅವನು ಕಾರ್ಡನ್ನು ತಿರುಗಿಸಿ ನೋಡಿ, ನಗಲೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ, ಧ್ವನಿಯನ್ನು ತಗ್ಗಿಸಿ, “ಸಾರ್, ಇದು ಮುಗಿದು ಏಳು ತಿಂಗಳಾಯಿತಲ್ಲ” ಎಂದನು. “ಯಾವುದು ಮುಗಿದದ್ದು?” ಎಂದೆ. “ಲೈಸೆನ್ಸು ಸಾರ್. ಪಾರ್ಸೆಲು ಕೊಡುತ್ತೇನೆ, ನಿಮ್ಮನ್ನು ನನಗೆ ಗೊತ್ತಿಲ್ಲವೆ. ಆದರೆ ಗಾಡಿ ಓಡಿಸಿಕೊಂಡು ಬಂದಿರೇನು?”

ಓಡಿಸಿಕೊಂಡೇ ಬಂದಿದ್ದೆ. ಅದು ಬಾಗಿಲ ಹೊರಗೆ, ನೇರಳೆ ಮರದ ಕೆಳಗೆ, ಏನೂ ಅರಿಯದ ಹಸುವಿನಂತೆ ನಿಂತಿದ್ದಿತು.

ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಪಾರ್ಸೆಲನ್ನು ಕಂಕುಳಲ್ಲಿಟ್ಟುಕೊಂಡು, ಸಿಟಿ ಬಸ್ಸಿನಲ್ಲಿ ಮನೆಗೆ ಬಂದೆ. ನಮ್ಮ ಮನೆಯಾಕೆ ಬಾಗಿಲಲ್ಲಿಯೇ, “ಗಾಡಿ ಎಲ್ಲಿ? ಬಿದ್ದಿರೇನು?” ಎಂದು ಗಾಬರಿಯಾದಳು. ಬಿದ್ದಿಲ್ಲವೆಂದು ಹೇಳಿ ಸಂಗತಿಯನ್ನು ವಿವರಿಸಿದೆ. ಆಕೆ ಕೂಡಲೆ ಏನೂ ಹೇಳಲಿಲ್ಲ; ಒಲೆಯ ಮೇಲಿದ್ದ ಹಾಲನ್ನು ಇಳಿಸಿ ಬಂದು, “ಹಾಗಾದರೆ ಮಗುವನ್ನು ದಿನವೂ ಕೂರಿಸಿಕೊಂಡು ಹೋಗುತ್ತಿದ್ದಿರಲ್ಲ” ಎಂದಳು. ಅಷ್ಟೆ.

ಆ ಮಾತೇ ನನ್ನನ್ನು ಚುಚ್ಚಿದುದು. ಮುಂದಿನ ಬೀದಿಯಲ್ಲಿಯೇ ನಮ್ಮ ಮಗಳ ಮನೆ. ಎರಡನೆಯ ತರಗತಿಯಲ್ಲಿ ಓದುವ ಮೊಮ್ಮಗನನ್ನು ಶಾಲೆಗೆ ಬಿಟ್ಟುಬರುವುದೂ ಕರೆದುಕೊಂಡು ಬರುವುದೂ ನಿವೃತ್ತಿಯ ಮಾರನೆಯ ವಾರದಿಂದ ನನ್ನ ಪಾಲಿಗೆ ಬಂದ ಕೆಲಸ, ಕೆಲಸವೆನ್ನುವುದಕ್ಕಿಂತ ಸಂತೋಷವೆನ್ನಬೇಕು. ಬೇಸಗೆಯ ರಜವನ್ನು ಕಳೆದು ಲೆಕ್ಕಹಾಕಲಾಗಿ, ಸುಮಾರು ನೂರು ದಿವಸ, ದಿನಕ್ಕೆರಡು ಸಲ, ಓಡಿಸುವ ಅಧಿಕಾರವೇ ಇಲ್ಲದ ಗಾಡಿಯ ಮೇಲೆ ಆ ಮಗು ನನ್ನ ಸೊಂಟವನ್ನು ಹಿಡಿದುಕೊಂಡು ಕುಳಿತಿತ್ತು.

ಸಂಜೆ ಮಗಳು ಹೋಗಿ ಸ್ಕೂಟರನ್ನು ತಂದಳು. ನಾನು ಕಾನೂನಿನ ಪುಸ್ತಕವನ್ನು ಹಿಡಿದು ಕುಳಿತೆ. ಓದಿ ತಿಳಿದುದನ್ನು ಇಲ್ಲಿ ಹೇಳುತ್ತೇನೆ.

ನಮ್ಮಲ್ಲಿ ಅನೇಕರ ತಲೆಯಲ್ಲಿ ಹಳೆಯ ನಿಯಮ ಕುಳಿತಿದೆ. 1988ನೆಯ ಮೋಟಾರು ವಾಹನಗಳ ಕಾಯಿದೆಯಲ್ಲಿ, ಲೈಸೆನ್ಸಿನ ಅವಧಿ ಮುಗಿದ ಮೇಲೂ ಮೂವತ್ತು ದಿವಸ ಅದಕ್ಕೆ ಜೀವವಿರತಕ್ಕದ್ದೆಂದು ಒಂದು ದಾಕ್ಷಿಣ್ಯದ ವಾಕ್ಯವಿದ್ದಿತು. 2019ರ ತಿದ್ದುಪಡಿ ಆ ವಾಕ್ಯವನ್ನು ತೆಗೆದುಹಾಕಿತು. ಕಾರ್ಡಿನ ಮೇಲೆ ಅಚ್ಚಾಗಿರುವ ದಿವಸ ಕಳೆದು ಬೆಳಗಾದರೆ ನಾವು ಲೈಸೆನ್ಸಿಲ್ಲದವರೇ. ಎಷ್ಟು ವರ್ಷಕ್ಕೆ ಲೈಸೆನ್ಸು ಎಂಬ ಲೆಕ್ಕವೂ ಬದಲಾಗಿದೆ. ಮೂವತ್ತು ತುಂಬದವರಿಗೆ ನಲವತ್ತಾಗುವವರೆಗೆ. ಮೂವತ್ತರಿಂದ ಐವತ್ತರೊಳಗಿನವರಿಗೆ ಹತ್ತು ವರ್ಷ. ಐವತ್ತರಿಂದ ಐವತ್ತೈದರೊಳಗಿನವರಿಗೆ ಅರುವತ್ತು ತುಂಬುವವರೆಗೆ. ಅದರಾಚೆಯವರಿಗೆ ಐದೈದು ವರ್ಷ. ನಾನು ಹಿಂದಿನ ಸಲ ನವೀಕರಿಸಿದ್ದು 2019ರ ಅಕ್ಟೋಬರಿನಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ. ಆದಕಾರಣ ಸರ್ಕಾರ ನನ್ನನ್ನು ಪಾಠದಿಂದ ಬಿಡಿಸಿದ ತಿಂಗಳಲ್ಲಿಯೇ ಕಾನೂನು ನನ್ನನ್ನು ಸ್ಕೂಟರಿನಿಂದಲೂ ಇಳಿಸಿದ್ದಿತು. ಹಾರ ಹಾಕುವವರು ಮಾತ್ರ ಯಾರೂ ಇರಲಿಲ್ಲವಾಗಿ ನನಗೆ ಗೊತ್ತಾಗಲಿಲ್ಲ.

ಬಾಡಿಗೆ ಗಾಡಿಯನ್ನೋ ಲಾರಿಯನ್ನೋ ಓಡಿಸುವವರ ಲೈಸೆನ್ಸು ಐದು ವರ್ಷಕ್ಕೊಮ್ಮೆ ನವೀಕರಣವಾಗತಕ್ಕದ್ದು. ಸ್ವಂತ ಗಾಡಿಯನ್ನೂ ಬಾಡಿಗೆ ಗಾಡಿಯನ್ನೂ ಓಡಿಸುವವರ ಕಾರ್ಡಿನಲ್ಲಿ ಎರಡು ತಾರೀಖುಗಳಿರುತ್ತವೆ: ‘ಎನ್.ಟಿ.’ ಎಂಬುದರ ಎದುರಿಗೆ ಒಂದು, ‘ಟಿ.ಆರ್.’ ಎಂಬುದರ ಎದುರಿಗೆ ಮತ್ತೊಂದು. ಮೊದಲನೆಯದು ಮನೆಯ ಗಾಡಿಗೆ, ಎರಡನೆಯದು ಬಾಡಿಗೆಯದಕ್ಕೆ. ಒಂದನ್ನು ನೋಡಿ ಎರಡೂ ಸರಿಯಾಗಿದೆಯೆಂದು ತಿಳಿಯಬಾರದು.

ಹೀಗೆ ಸತ್ತ ಲೈಸೆನ್ಸನ್ನು ಎಬ್ಬಿಸುವ ಉಪಾಯವೇನೆಂದರೆ, ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮುಂಚಿನಿಂದ ಮೊದಲ್ಗೊಂಡು, ಮುಗಿದ ಒಂದು ವರ್ಷದೊಳಗಾಗಿ ಅರ್ಜಿ ಹಾಕಿದರೆ ಸಾಕು. ಗಾಡಿ ಓಡಿಸಿ ತೋರಿಸುವ ಪರೀಕ್ಷೆಯಿಲ್ಲದೆ ನವೀಕರಣ ಆಗುತ್ತದೆ. ವರ್ಷ ದಾಟಿತೋ, ಹದಿನೆಂಟರ ಹುಡುಗರ ಜತೆಯಲ್ಲಿ ನಿಂತು ಮತ್ತೆ ಪರೀಕ್ಷೆ ಕೊಡಬೇಕು. ಹಿಂದೆ ಈ ಗಡುವು ಐದು ವರ್ಷವಿದ್ದಿತು. ಅದನ್ನೂ 2019ರಲ್ಲಿ ಒಂದಕ್ಕೆ ಇಳಿಸಿದರು. ವರ್ಷದೊಳಗಾಗಿ ನವೀಕರಿಸಿದರೆ ನಡುವಣ ದಿವಸಗಳು ತೊಳೆದುಹೋಗುತ್ತವೆಂದು ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಹೊಸ ಅವಧಿ ನವೀಕರಣವಾದ ದಿವಸದಿಂದ ಹುಟ್ಟುತ್ತದೆ; ನಡುವಣದು ಹಳ್ಳವಾಗಿಯೇ ಉಳಿಯುತ್ತದೆ.

ಆ ಹಳ್ಳದಲ್ಲಿ ಬಿದ್ದರೆ ಏನಾಗುತ್ತದೆ? ಲೈಸೆನ್ಸಿಲ್ಲದೆ ಓಡಿಸಿದವರಿಗೆ ಕಾಯಿದೆಯಲ್ಲಿ ಹೇಳಿರುವುದು ಮೂರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. 2019ಕ್ಕೆ ಮುಂಚೆ ಈ ದಂಡ 500 ರೂಪಾಯಿ ಇದ್ದಿತು. ಅಂತಹವರ ಕೈಗೆ ಗಾಡಿ ಕೊಟ್ಟ ಯಜಮಾನನಿಗೂ ಇಷ್ಟೇ ಶಿಕ್ಷೆಯುಂಟು. ತಂದೆಯ ಹೆಸರಿನಲ್ಲಿರುವ ಕಾರನ್ನು ಮಗ ಓಡಿಸುವ ಮನೆಗಳವರು ಈ ಮಾತನ್ನು ಎರಡು ಸಲ ಓದಬೇಕು. ರಸ್ತೆಯಲ್ಲಿಯೇ ರಾಜಿಯಾಗಿ ಕಟ್ಟಿಸಿಕೊಳ್ಳುವ ಮೊತ್ತವನ್ನು ಆಯಾ ರಾಜ್ಯದವರು ಬೇರೆಯಾಗಿ ಗೊತ್ತುಮಾಡುತ್ತಾರಾದ್ದರಿಂದ ಅದು ಕಡಮೆಯಿರಬಹುದು. ಆದರೆ ದಂಡಕ್ಕಿಂತ ಹೆದರಬೇಕಾದುದು ವಿಮೆಯ ಸಂಗತಿಗೆ. ನಮ್ಮ ಗಾಡಿ ಯಾರಿಗಾದರೂ ತಗುಲಿ ಪೆಟ್ಟಾದರೆ, ಓಡಿಸುತ್ತಿದ್ದವನಿಗೆ ಜೀವಂತವಾದ ಲೈಸೆನ್ಸಿರಲಿಲ್ಲವೆಂದು ವಿಮೆಯ ಕಂಪನಿಯವರು ತಕರಾರು ತೆಗೆಯುತ್ತಾರೆ. ಪೆಟ್ಟುತಿಂದವನು ಬರಿಗೈಯಲ್ಲಿ ಹೋಗಬಾರದೆಂದು, ಕಂಪನಿ ಮೊದಲು ಅವನಿಗೆ ಹಣ ಕೊಟ್ಟು ತರುವಾಯ ಅದನ್ನು ಗಾಡಿಯ ಯಜಮಾನನಿಂದ ವಸೂಲುಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಮಾಡುವುದುಂಟು. ಸರ್ವೋಚ್ಚ ನ್ಯಾಯಾಲಯವು 2004ರ ಒಂದು ತೀರ್ಪಿನಲ್ಲಿ ಈ ಮಾರ್ಗವನ್ನು ವಿಸ್ತಾರವಾಗಿ ವಿಚಾರಮಾಡಿದೆ. ವಸೂಲು ಎಂದರೆ ಸಾವಿರದ ಮಾತಲ್ಲ. ಮನೆಯೊಂದು ಎದ್ದುಹೋಗಬಹುದಾದ ಮೊತ್ತ.

ಇಷ್ಟನ್ನು ಓದಿ ಮುಗಿಸುವಷ್ಟರಲ್ಲಿ ರಾತ್ರಿ ಹತ್ತಾಗಿತ್ತು. ಬೆಳಗಾದ ಮೇಲೆ ಬಸ್ಸು ಹತ್ತಿ ಆರ್.ಟಿ.ಓ. ಆಫೀಸಿಗೆ ಹೊರಟೆ.

ಆಫೀಸಿನ ಒಳಕ್ಕೆ ಹೋಗುವ ಮುನ್ನವೇ, ಎದುರಿನ ಜೆರಾಕ್ಸ್ ಅಂಗಡಿಯಿಂದ ಒಬ್ಬನು ಓಡಿಬಂದು ನನ್ನ ಕೈಯಲ್ಲಿದ್ದ ಕಾರ್ಡನ್ನು ಒಂದು ಸಲ ನೋಡಿ, “ರಿನ್ಯೂವಲ್ ತಾನೆ? ಕೂತ್ಕೊಳಿ ಸಾರ್” ಎಂದು ಪ್ಲಾಸ್ಟಿಕ್ ಕುರ್ಚಿಯನ್ನೆಳೆದನು. ಎರಡು ಸಾವಿರದ ಐನೂರು ಕೊಟ್ಟರೆ ಎಲ್ಲವೂ ಆಗಿಬಿಡುತ್ತದೆಯಂತೆ. “ವೈದ್ಯರ ಸರ್ಟಿಫಿಕೇಟು?” ಎಂದೆ. “ಡಾಕ್ಟರ ಹತ್ತಿರ ಹೋಗೋದೇ ಬೇಡ ಸಾರ್, ಸೀಲು ಸಹಿ ಎಲ್ಲ ನಮ್ಮಲ್ಲೇ ಇದೆ” ಎಂದನು. ಹೇಳುವಾಗ ಅವನಿಗೆ ನಾಚಿಕೆಯೂ ಇರಲಿಲ್ಲ, ಗುಟ್ಟೂ ಇರಲಿಲ್ಲ. ಇಡ್ಲಿಯ ಜತೆಯಲ್ಲಿ ಚಟ್ನಿಯೂ ಉಂಟೆಂದು ಹೇಳುವಂತೆ ಹೇಳಿದನು.

ಸತ್ಯವನ್ನು ಹೇಳಬೇಕಾದರೆ, ನಾನು ಕೈಚೀಲದಿಂದ ಹಣವನ್ನು ಹೊರತೆಗೆದೆ. ಬಿಸಿಲೇರುತ್ತಿತ್ತು, ಒಳಗೆ ಸಾಲು ಉದ್ದವಾಗಿದ್ದಿತು, ಏಳು ತಿಂಗಳ ಪಾಪವನ್ನು ಒಂದು ಗಂಟೆಯಲ್ಲಿ ಕಳೆದುಕೊಳ್ಳುವ ಆತುರವಿದ್ದಿತು. ಅಷ್ಟರಲ್ಲಿ ಅವನ ಹುಡುಗನೊಬ್ಬ ನನ್ನ ಅರ್ಜಿಯನ್ನು ಮುಂದಿಟ್ಟುಕೊಂಡು, ಅದರಲ್ಲಿದ್ದ ಪ್ರಶ್ನೆಗಳಿಗೆ ಓದದೆಯೇ ಉತ್ತರದ ಗುರುತುಗಳನ್ನು ಹಾಕತೊಡಗಿದನು. ಇಲ್ಲ, ಹೌದು, ಇಲ್ಲ, ಇಲ್ಲ, ಇಲ್ಲ, ಇಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಮೂರು ದಶಕ ಕಾವಲು ತಿರುಗಿದವನ ಕಣ್ಣಿಗೆ ಆ ದೃಶ್ಯ ಹೇಗೆ ಕಂಡಿತೆಂದು ಹೇಳಬೇಕಾದುದಿಲ್ಲ. ಒಬ್ಬನ ಉತ್ತರಪತ್ರಿಕೆಯನ್ನು ಮತ್ತೊಬ್ಬ ಬರೆಯುತ್ತಿದ್ದಾನೆ, ಪರೀಕ್ಷಾರ್ಥಿ ನಾನು. “ಕೊಡಪ್ಪ ಇಲ್ಲಿ, ಮನೆಯಲ್ಲಿ ಓದಿಕೊಂಡು ಬರುತ್ತೇನೆ” ಎಂದು ಕಾಗದವನ್ನು ಕಿತ್ತುಕೊಂಡೇ ಬಂದೆನೆನ್ನಬೇಕು.

ಅದು ‘ನಮೂನೆ 1’ ಎಂಬ ಕಾಗದ. ತನ್ನ ದೇಹಸ್ಥಿತಿಯ ವಿಷಯವಾಗಿ ಅರ್ಜಿದಾರನು ತಾನೇ ಮಾಡಿಕೊಡುವ ಪ್ರಮಾಣ. ವಾಚಕರಲ್ಲಿ ಅನೇಕರು ಇದಕ್ಕೆ ಸಹಿ ಹಾಕಿದ್ದಾರೆ. ಓದಿದವರು ಎಷ್ಟು ಮಂದಿಯೋ. ಅದರಲ್ಲಿ ಕೆಲವು ಪ್ರಶ್ನೆಗಳಿವೆ. ಮೂರ್ಛೆರೋಗವಾಗಲಿ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದಾಗಲಿ, ತಲೆಸುತ್ತಾಗಲಿ ಉಂಟೆ? ಒಳ್ಳೆಯ ಹಗಲಿನ ಬೆಳಕಿನಲ್ಲಿ, ಕನ್ನಡಕವಿದ್ದರೆ ಹಾಕಿಕೊಂಡು, 25 ಮೀಟರು ದೂರದಿಂದ ಮೋಟಾರು ಕಾರಿನ ನಂಬರು ಹಲಗೆಯನ್ನು ಒಂದೊಂದು ಕಣ್ಣಿನಿಂದಲೂ ಗುರುತಿಸಬಲ್ಲೆಯಾ? ಕೈಯೋ ಕಾಲೋ ಇಲ್ಲದಿರುವುದು, ಅಥವಾ ಅವುಗಳ ಬಲದಲ್ಲಿ ಕುಂದು ಉಂಟೆ? ಇರುಳುಗಣ್ಣು ಉಂಟೆ? ಸಾಮಾನ್ಯವಾದ ಹಾರನ್ನಿನ ಸದ್ದು ಕೇಳದಷ್ಟು ಕಿವುಡು ಉಂಟೆ? ನೀನು ಗಾಡಿ ಓಡಿಸಿದರೆ ಜನಕ್ಕೆ ಅಪಾಯವಾಗಬಹುದಾದ ಬೇರೆ ಯಾವುದಾದರೂ ರೋಗ ಉಂಟೆ?

ನಲವತ್ತು ತುಂಬಿದವರು ಇದರ ಜತೆಯಲ್ಲಿ ‘ನಮೂನೆ 1ಎ’ ಎಂಬ ವೈದ್ಯರ ಸರ್ಟಿಫಿಕೇಟನ್ನೂ ಕೊಡಬೇಕು. ನಾನು ಇದುವರೆಗೆ ಇವೆರಡನ್ನೂ ಆಫೀಸಿನವರ ಹಸಿವಿಗೆ ಹಾಕುವ ಕಾಗದಗಳೆಂದೇ ಭಾವಿಸಿದ್ದೆ. ಅಂದು ಮಧ್ಯಾಹ್ನ ಜಗಲಿಯ ಮೇಲೆ ಕುಳಿತು ನಿಧಾನವಾಗಿ ಓದಿದಾಗ, ಬಲ್ಲವರೊಬ್ಬರು ಎದುರಿಗೆ ಕುಳಿತು ಒಂದೊಂದಾಗಿ ವಿಚಾರಿಸುತ್ತಿರುವಂತೆ ಅನ್ನಿಸಿತು. ನಮ್ಮ ಸಂಸ್ಕೃತದಲ್ಲಿ ಲೈಸೆನ್ಸಿಗೆ ‘ಅನುಜ್ಞಾ’ ಎನ್ನಬಹುದು. ಹಿಂದೆ ಶಿಷ್ಯನು ಗುರುವಿನ ಅನುಜ್ಞೆಯನ್ನು ಬೇಡಿ ಹೊರಡುತ್ತಿದ್ದನು. ಬೇಡಿದ ಕೂಡಲೆ ಗುರು ಕೊಡುತ್ತಿರಲಿಲ್ಲ, ಮೊದಲು ಏನಾದರೊಂದು ಪ್ರಶ್ನೆ ಕೇಳುತ್ತಿದ್ದನು.

ಎರಡನೆಯ ಪ್ರಶ್ನೆಯನ್ನು ನಾನೇ ಪರೀಕ್ಷಿಸಿಕೊಳ್ಳೋಣವೆಂದು ಮೊಮ್ಮಗನನ್ನು ಕರೆದೆ. ಎದುರುಮನೆಯವರ ಕಾರು ಬೀದಿಯ ಅಂಚಿನಲ್ಲಿ ನಿಂತಿದ್ದಿತು. ಮನೆಯಾಕೆಯ ಹೊಲಿಗೆಯ ಟೇಪಿನಿಂದ ಅಳೆದು ಅಳೆದು, ಸೀಮೆಸುಣ್ಣದಲ್ಲಿ ಗುರುತುಹಾಕುತ್ತ, ಅವನು ಇಪ್ಪತ್ತೈದು ಮೀಟರನ್ನು ಲೆಕ್ಕಹಾಕಿದನು. ನನ್ನ ಹೆಜ್ಜೆಯಲ್ಲಿ ಅದು ಮೂವತ್ತೈದು ಹೆಜ್ಜೆಯಾಯಿತು. ಗೆರೆಯ ಮೇಲೆ ನಿಂತು, ಕನ್ನಡಕದ ಬಲಗಡೆಗೆ ಅಂಗೈ ಮುಚ್ಚಿ ಎಡಗಣ್ಣಿನಿಂದ ಓದಿದೆ. ಅಕ್ಷರ, ಅಂಕೆ ಎಲ್ಲವೂ ಸರಿಯಾಗಿದ್ದುವು. “ಇನ್ನೊಂದು ಕಣ್ಣು, ತಾತ” ಎಂದನು. ಎಡಗಡೆಗೆ ಕೈಯಿಟ್ಟೆ.

ಕಾರೇನೋ ಇದ್ದಿತು. ಅದರ ಹಿಂದೆ ಬಿಳಿಯದೊಂದು ಪಟ್ಟಿಯೂ ಇದ್ದಿತು. ಪಟ್ಟಿಯ ಮೇಲೆ ಹೊಗೆ ಕವಿದಿದ್ದಿತು.

ಕನ್ನಡಕವನ್ನು ಪಂಚೆಯ ಅಂಚಿನಿಂದ ಒರಸಿ ಮತ್ತೆ ನೋಡಿದೆ. ಕಣ್ಣನ್ನುಜ್ಜಿ ನೋಡಿದೆ. ಊಹೆಯಿಂದ ಹೇಳೋಣವೆಂದರೆ ಅಂಕೆಗಳನ್ನು ಎಡಗಣ್ಣಿನಿಂದ ಆಗಲೇ ಓದಿಯಾಗಿತ್ತು, ಬಾಯಿಪಾಠದಿಂದ ಒಪ್ಪಿಸಿಬಿಡಬಹುದಾಗಿತ್ತು. ಒಪ್ಪಿಸಿಯೂ ಬಿಟ್ಟೆ. ಹುಡುಗ ಖದೀಮ. “ಅದು ನೆನಪಿಟ್ಟುಕೊಂಡು ಹೇಳಿದ್ದು. ಆಚೆಯ ಸ್ಕೂಟರಿನದು ಓದು” ಎಂದನು. ಓದಲಾರದೆ ಹೋದೆ.

ವಾಚಕರು ಕೇಳಬಹುದು: ಅರ್ಧ ಕಣ್ಣು ಹೋದದ್ದು ಮನುಷ್ಯನಿಗೆ ಗೊತ್ತಾಗದಿರುತ್ತದೆಯೇ ಎಂದು. ಗೊತ್ತಾಗುವುದಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಸದ್ದಿಲ್ಲದೆ ತುಂಬಿಕೊಡುತ್ತಿರುತ್ತದೆ. ಒಟ್ಟುಕುಟುಂಬದಲ್ಲಿ ದುಡಿಯದ ಅಣ್ಣನ ಪಾಲನ್ನು ತಮ್ಮ ದುಡಿದು ಹಾಕಿದಂತೆ. ರಾತ್ರಿಯ ಹೊತ್ತು ಎದುರಿನ ಗಾಡಿಗಳ ದೀಪದ ಸುತ್ತ ಬಳೆಯಂತೆ ಬೆಳಕು ಹರಡಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೆ. ಅದಕ್ಕೆ ಈಗಿನ ಕಾಲದ ಬಿಳಿಯ ದೀಪಗಳೇ ಕಾರಣವೆಂದು ಬಯ್ದುಕೊಂಡು ಸುಮ್ಮನಾಗಿದ್ದೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಜೂನ್ ತಿಂಗಳ ಒಂದು ಸಂಜೆ ನೆನಪಾಯಿತು. ಜಡಿಮಳೆ ಆಗತಾನೆ ನಿಂತಿದ್ದಿತು. ಮೊಮ್ಮಗನನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದಾಗ, ಬಲಗಡೆಯ ಅಡ್ಡರಸ್ತೆಯಿಂದ ಸೊಪ್ಪಿನ ತಳ್ಳುಗಾಡಿಯೊಂದು ನೆಲದಿಂದೆದ್ದಂತೆ ಎದುರಿಗೆ ಬಂದಿತು. ಬ್ರೇಕು ಹಾಕಿದೆ, ಸ್ಕೂಟರು ಜಾರಿ ಗಾಡಿಗೆ ಗೇಣುದ್ದದಲ್ಲಿ ನಿಂತಿತು. ಹುಡುಗನ ಗಲ್ಲ ನನ್ನ ಬೆನ್ನಿಗೆ ಬಡಿಯಿತು. ಸೊಪ್ಪಿನವಳು, “ಕಣ್ ಕಾಣಾಕಿಲ್ವಾ ಯಜಮಾನ್ರೆ? ಹಿಂದ್ಕೆ ಕೂಸ್ನ ಬೇರೆ ಕೂರಿಸ್ಕಂಡಿದ್ದೀರ!” ಎಂದು ಕೂಗಿದಳು. ನಾನು ಸುಮ್ಮನಿದ್ದೆನೆ? ಸಂಜೆಯ ಹೊತ್ತು ದೀಪವಿಲ್ಲದ ಗಾಡಿಯನ್ನು ರಸ್ತೆಗೆ ತರಕೂಡದೆಂಬ ನಿಯಮವನ್ನು, ಗಾಡಿಯನ್ನು ನಿಲ್ಲಿಸಿಯೇ, ಆಕೆಗೆ ಐದು ನಿಮಿಷ ಉಪದೇಶಮಾಡಿದೆ. ಲೈಸೆನ್ಸೂ ಇಲ್ಲದ, ಬಲಗಣ್ಣೂ ಇಲ್ಲದ ಮನುಷ್ಯ ರಸ್ತೆಯ ನಿಯಮವನ್ನು ಬೋಧಿಸುತ್ತಿದ್ದನು. ಕಣ್ಣು ಕಾಣದೆಂದು ಆಕೆ ಹೇಳಿದ್ದು ಬೈಗುಳವಲ್ಲ, ಬರೀ ವಾಸ್ತವಾಂಶ.

ಸಂಸ್ಕೃತದಲ್ಲಿ ‘ರಶ್ಮಿ’ ಎಂಬ ಶಬ್ದಕ್ಕೆ ಕಿರಣವೆಂದೂ ಅರ್ಥ, ಸಾರಥಿಯು ಹಿಡಿದುಕೊಳ್ಳುವ ಕುದುರೆಯ ಲಗಾಮೆಂದೂ ಅರ್ಥ. ಎಷ್ಟೋ ವರ್ಷ ಮಕ್ಕಳಿಗೆ ಈ ಎರಡರ್ಥಗಳನ್ನು ಬರೆಸಿದ್ದೇನೆ. ಎರಡಕ್ಕೂ ಒಂದೇ ಶಬ್ದವೇಕೆಂದು ಯಾವ ಹುಡುಗನೂ ಕೇಳಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಮಾರನೆಯ ದಿವಸ ನಮ್ಮ ಕುಟುಂಬದ ವೈದ್ಯರ ಬಳಿಗೆ ಹೋದೆ. ಇಪ್ಪತ್ತು ವರ್ಷದ ಸ್ನೇಹ. ಅವರ ಇಬ್ಬರು ಮಕ್ಕಳೂ ನನ್ನ ಬಳಿ ಶಬ್ದರೂಪಗಳನ್ನು ಕಲಿತವರು. ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದ ಕೂಡಲೆ, “ಓ, ಲೈಸೆನ್ಸಿಗೋ! ಎಲ್ಲಿ, ಕೊಡಿ ಮೇಷ್ಟ್ರೆ” ಎಂದು ಪೆನ್ನಿನ ಟೋಪಿಯನ್ನು ತೆಗೆದರು. ಜೆರಾಕ್ಸ್ ಅಂಗಡಿಯವನಿಗಿಂತ ಇದು ಕಷ್ಟದ ಗಳಿಗೆಯಾಗಿತ್ತು. ಅಲ್ಲಿ ಸುಳ್ಳು ಹಣಕ್ಕೆ ಮಾರಾಟವಾಗುತ್ತಿದ್ದಿತು. ಇಲ್ಲಿ ಗೌರವದಿಂದ ಪುಕ್ಕಟೆಯಾಗಿ ಬರುತ್ತಿದ್ದಿತು. ಸುಮ್ಮನಿದ್ದಿದ್ದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತಿದ್ದಿತು. “ಡಾಕ್ಟರೆ, ಬಲಗಣ್ಣು ಕಾಣಿಸುತ್ತಿಲ್ಲ” ಎಂದೆ. ಅವರು ಪೆನ್ನನ್ನು ಕೆಳಗಿಟ್ಟರು. ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು ಓದಿಸಿ, ದೀಪ ಹಿಡಿದು ನೋಡಿ, “ಪೊರೆ ಬಂದಿದೆ. ಚೆನ್ನಾಗಿಯೇ ಬಂದಿದೆ. ನಾನು ಈಗ ಸಹಿ ಹಾಕುವುದಿಲ್ಲ ಮೇಷ್ಟ್ರೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನೀವು ಹೇಳದೆ ಇದ್ದಿದ್ದರೆ ಹಾಕಿಬಿಡುತ್ತಿದ್ದೆ” ಎಂದು ತಾವೇ ನಾಚಿಕೊಂಡರು. ಈಗ ಅವರು ನಲವತ್ತು ದಾಟಿದ ಎಲ್ಲರನ್ನೂ ಪಟ್ಟಿಯ ಮುಂದೆ ನಿಲ್ಲಿಸುತ್ತಾರೆಂದು ಕೇಳುತ್ತೇನೆ.

ಕಣ್ಣಿನ ಆಸ್ಪತ್ರೆಯ ಕಥೆಯನ್ನು ಉದ್ದಮಾಡುವುದಿಲ್ಲ. ಅರುವತ್ತು ದಾಟಿದವರ ಮನೆಗಳಲ್ಲಿ ಅದು ತಿಳಿಯದ ಕಥೆಯಲ್ಲ. ಕಣ್ಣಿನೊಳಗಿನ ಮಸೂರ ಮಬ್ಬಾಗುವುದೇ ಪೊರೆ. ಅದಕ್ಕೆ ಔಷಧವಿಲ್ಲ, ಶಸ್ತ್ರಚಿಕಿತ್ಸೆಯೊಂದೇ ಮಾರ್ಗ. ಮಬ್ಬಾದುದನ್ನು ತೆಗೆದು ಕೃತಕವಾದ ಮಸೂರವನ್ನಿಡುತ್ತಾರೆ. ಆಗಸ್ಟ್ ತಿಂಗಳಲ್ಲಿ ಬೆಳಗ್ಗೆ ಹೋದವನು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದೆ. ಮಾರನೆಯ ದಿವಸ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಮನೆಯಾಕೆಯ ಸೀರೆಯ ಬಣ್ಣ. ಅದು ಬೂದಿಬಣ್ಣದ್ದೆಂದು ನಾನು ವರ್ಷದಿಂದ ತಿಳಿದಿದ್ದೆ, ತಿಳಿನೀಲಿಯಂತೆ. ವಾರಗಟ್ಟಲೆ ಔಷಧದ ಹನಿಗಳು, ತಲೆಗೆ ನೀರು ಹಾಕಬಾರದು, ಬಗ್ಗಬಾರದು, ಭಾರ ಎತ್ತಬಾರದು. ಗಾಡಿಯನ್ನು ವೈದ್ಯರು ಹೇಳುವವರೆಗೆ ಮುಟ್ಟಕೂಡದು.

ಅಷ್ಟು ಕಾಲವೂ ಮೊಮ್ಮಗನೂ ನಾನೂ ಶಾಲೆಗೆ ನಡೆದೇ ಹೋದೆವು. ಕಣ್ಣಿಗೆ ಪಟ್ಟಿಯಿದ್ದ ದಿವಸಗಳಲ್ಲಿ ಮಾತ್ರ ಅವನ ತಾಯಿ ಕರೆದುಕೊಂಡು ಹೋದಳು. ನಡಿಗೆಗೆ ಇಪ್ಪತ್ತು ನಿಮಿಷ. ಸ್ಕೂಟರಿನ ಮೇಲೆ ಅವನು ಮಾತನಾಡಿದುದು ನನಗೆ ಗಾಳಿಯಲ್ಲಿ ಕೇಳುತ್ತಿರಲಿಲ್ಲವಂತೆ. ಏಳು ತಿಂಗಳಿನಿಂದ ಹೇಳಿ ಉಳಿದಿದ್ದ ಮಾತುಗಳನ್ನೆಲ್ಲ ಆ ಎರಡು ತಿಂಗಳಲ್ಲಿ ಮೊದಲಿನಿಂದ ಹೇಳಿದನು.

ಅಕ್ಟೋಬರಿನಲ್ಲಿ ಹೊಸ ಕನ್ನಡಕ ಬಂದಿತು. ವೈದ್ಯರು ಮತ್ತೊಮ್ಮೆ ಪಟ್ಟಿಯನ್ನೋದಿಸಿ, ಈ ಸಲ ಸಹಿ ಹಾಕಿದರು. ಮಿಕ್ಕುದು ಸುಲಭ. ಕೇಂದ್ರಸರ್ಕಾರದವರು ಲೈಸೆನ್ಸುಗಳ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಏರ್ಪಡಿಸಿರುವ ವ್ಯವಸ್ಥೆಗೆ ‘ಸಾರಥಿ’ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವರು ಯಾರೋ, ಅವರಿಗೆ ಒಬ್ಬ ಸಂಸ್ಕೃತ ಮೇಷ್ಟರ ನಮಸ್ಕಾರ. ಮಗಳು ಪಕ್ಕದಲ್ಲಿ ಕುಳಿತಿದ್ದಳು, ಅಕ್ಷರಗಳನ್ನೊತ್ತಿದವನು ನಾನೇ. ಲೈಸೆನ್ಸಿನ ನಂಬರು, ಹುಟ್ಟಿದ ದಿವಸ, ನವೀಕರಣದ ಅರ್ಜಿ, ಹಳೆಯ ಕಾರ್ಡಿನ ಮತ್ತು ಸರ್ಟಿಫಿಕೇಟಿನ ಚಿತ್ರಗಳು, ಭಾವಚಿತ್ರ, ಸಹಿ. ನಿಯಮದಲ್ಲಿರುವ ನವೀಕರಣದ ಶುಲ್ಕ 200 ರೂಪಾಯಿ, ಕಾರ್ಡಿಗೆಂದು ಬೇರೆ 200. ತಡಮಾಡಿದವರಿಗೆ ಇದರ ಮೇಲೆ ಹೆಚ್ಚು ಬೀಳುವುದುಂಟು. ಎಷ್ಟೆಂದು ಹಣ ಕಟ್ಟುವ ಪುಟದಲ್ಲಿಯೇ ತೋರಿಸುತ್ತಾರೆ. ಜೆರಾಕ್ಸ್ ಅಂಗಡಿಯವನು ಕೇಳಿದ ಎರಡು ಸಾವಿರದ ಐನೂರನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಂಡು ಹೋಲಿಸಿಕೊಳ್ಳಬಹುದು. ಗೊತ್ತಾದ ದಿವಸ ಆಫೀಸಿಗೆ ಹೋಗಿ ಮೂಲಕಾಗದಗಳನ್ನು ತೋರಿಸಿ ಬಂದೆ. ಅಲ್ಲಿದ್ದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ನಡೆದುಕೊಂಡಳು. ಆ ಹೊರಗಿನ ಕುರ್ಚಿಗೂ ಒಳಗಿನ ಕುರ್ಚಿಗೂ ನಡುವೆ ಹತ್ತು ಮಾರು ದೂರವೂ ಇಲ್ಲವೆಂಬುದೇ ಆಶ್ಚರ್ಯ.

ಕಾರ್ಡು ಅಂಚೆಯಲ್ಲಿ ಬಂದಿತು. ಅವಧಿ 2030ನೆಯ ಅಕ್ಟೋಬರಿನವರೆಗೆ. ಮೊಮ್ಮಗ ಅದನ್ನು ನೋಡಿ, ಆ ಹೊತ್ತಿಗೆ ತನಗೆ ಎಷ್ಟು ವರ್ಷವೆಂದು ಲೆಕ್ಕಹಾಕಿ, ಆಗ ಮತ್ತೆ ತಾನೇ ಟೇಪು ಹಿಡಿಯುವುದಾಗಿ ಹೇಳಿದ್ದಾನೆ. ಅಲ್ಲಿಯವರೆಗೆ ಕಾಯುವ ತಾಳ್ಮೆಯೂ ಅವನಿಗಿಲ್ಲ. ಬಂದವರನ್ನೆಲ್ಲ ಬೀದಿಯ ಗೆರೆಯ ಮೇಲೆ ನಿಲ್ಲಿಸಿ ಒಂದೊಂದು ಕಣ್ಣನ್ನು ಮುಚ್ಚಿಸುತ್ತಿದ್ದಾನೆ. ನಮ್ಮ ಅಳಿಯಂದಿರು, ನಲವತ್ತೆರಡು ವರ್ಷದವರು, ಎಡಗಣ್ಣಿನಲ್ಲಿ ತಡವರಿಸಿದರು. ಕನ್ನಡಕ ಬದಲಾಯಿಸಬೇಕಾಗಿತ್ತಂತೆ.

ಲೈಸೆನ್ಸು ಬಂದ ಮೊದಲನೆಯ ಸಂಜೆ, ಮೊಮ್ಮಗನನ್ನು ಕರೆದುಕೊಂಡು ಬರುವಾಗ, ಆ ಅಡ್ಡರಸ್ತೆಯ ಬಳಿ ಸ್ಕೂಟರು ನಿಲ್ಲಿಸಿದೆ. ಸೊಪ್ಪಿನವಳು ಅಲ್ಲಿಯೇ ಇದ್ದಳು. “ಅವತ್ತು ಮಳೆಯ ದಿವಸ ತಪ್ಪು ನನ್ನದೇ ಕಣಮ್ಮ. ನನಗೆ ಆಗ ಈ ಕಣ್ಣು ಕಾಣುತ್ತಿರಲಿಲ್ಲ” ಎಂದೆ. ಆಕೆ ನನ್ನನ್ನೂ ಹುಡುಗನನ್ನೂ ಸ್ವಲ್ಪ ಹೊತ್ತು ನೋಡಿದಳು. “ಯಾವತ್ತು ಸಾಮಿ? ದಿವ್ಸಾ ಒಬ್ರಲ್ಲ ಒಬ್ರು ಹಂಗೇ ಬತ್ತಾರೆ” ಎಂದಳು. ಆಮೇಲೆ, ಬಂದ ಮನುಷ್ಯ ವ್ಯಾಪಾರಕ್ಕೆ ಬಂದಿದ್ದಾನೋ ಇಲ್ಲವೋ ಎಂದು ತಿಳಿಯದೆ, “ದಂಟಿನ ಸೊಪ್ಪು ಚೆನ್ನಾಗದೆ, ಕೊಡ್ಲಾ?” ಎಂದು ಕೇಳಿದಳು. ಗಾಡಿಯ ಮುಂಭಾಗದಲ್ಲಿ ಒಂದು ಸಣ್ಣ ದೀಪ ನೇತಾಡುತ್ತಿದ್ದಿತು. ಅದು ಮೊದಲಿನಿಂದಲೂ ಇದ್ದದ್ದೋ ನನ್ನ ಉಪದೇಶದ ಮೇಲೆ ಬಂದದ್ದೋ ಕೇಳಲು ನನಗೆ ಧೈರ್ಯವಾಗಲಿಲ್ಲ. ನಾಲ್ಕು ಕಟ್ಟು ಕೊಂಡುಕೊಂಡೆ. ಮನೆಯಲ್ಲಿ ಎರಡು ದಿವಸ ದಂಟಿನ ಹುಳಿಯೇ ಆಯಿತು.